ನಾಲ್ಕನೇ ಮಹಡಿಯ ನಡುಕ

ಆ ದಿನ ಬೆಳಿಗ್ಗೆ ಅವಳು ಐದನೇ ಮಹಡಿಯ ವಕೀಲರ ಬಿಳಿ ಶರಟಿಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಎದುರಿನ ಸ್ಟೂಲಿನ ಮೇಲೆ ಕೂತಿದ್ದ. ಅವಳ ಹೊಲಿಗೆ ಡಬ್ಬಿಯಿಂದ ಎತ್ತಿಕೊಂಡ ಎಲಾಸ್ಟಿಕ್ಕಿನ ತುದಿಗೆ ಬಾಗಿಲಿನ ಬೀಗ ಕಟ್ಟಿ ಮೇಲೆ ಕೆಳಗೆ ಕುಣಿಸುತ್ತಿದ್ದ.

"ಆ ಎಲಾಸ್ಟಿಕ್ ಸಡಿಲ ಆದ್ರೆ ಹೊಸದು ನೀವೇ ತರಬೇಕು," ಅಂದಳು.

"ತರ್ತೀನಿ. ಈಗ ಇಲ್ಲಿ ನೋಡು."

"ಕಾಲರ್ ಮುಗಿಸ್ತೀನಿ ಇರಿ."

"ಕಾಲರ್ ಎಲ್ಲಿಗೂ ಓಡಿಹೋಗಲ್ಲ ಕಣೇ."

"ನಿಮ್ಮ ಬೀಗಾನೂ ಓಡಿಹೋಗಲ್ಲ. ಕಾಲರ್ ಸುಟ್ಟರೆ ವಕೀಲರು ನನ್ನ ಮೇಲೇ ಕೇಸು ಹಾಕ್ತಾರೆ."

ಗಂಡ ಲಿಫ್ಟ್ ಮೆಕ್ಯಾನಿಕ್. ವಯಸ್ಸು ನಲವತ್ತಾರು. ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಎಲ್ಲ ಪೇಪರೂ ಹೇಗೋ ದಡ ಮುಟ್ಟಿ ಒಂದು ಮಾತ್ರ ಉಳಿದಿತ್ತು. ಕಂಪನದ ಪೇಪರು. ಯಂತ್ರಗಳು ಯಾಕೆ ನಡುಗುತ್ತವೆ ಅನ್ನುವುದರ ಲೆಕ್ಕ. ಅದರಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ನಾಡಿದ್ದು ಮೂರನೆಯ ಸಲ. ಇದೂ ಹೋದರೆ ಮತ್ತೆ ಕೂರಲು ಬಿಡುತ್ತಿರಲಿಲ್ಲ. ಕೋರ್ಸ್ ಮುಗಿಸಲು ಕೊಟ್ಟ ವರ್ಷಗಳೆಲ್ಲ ತೀರಿದ್ದವು.

ಅವರ ಮನೆ ಅಂದರೆ ಆರು ಮಹಡಿಯ ಕಟ್ಟಡದ ಕೆಳಗೆ, ಮೆಟ್ಟಿಲಿನ ಅಡಿಯ ಕೋಣೆ. ಅವನು ಕಟ್ಟಡದ ಲಿಫ್ಟ್ ನೋಡಿಕೊಳ್ಳುತ್ತಿದ್ದ. ಅವಳು ಮಹಡಿಗಳವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಎಲ್ಲರೂ ಅವಳನ್ನು ಕರೆಯುವುದೇ ಇಸ್ತ್ರಿಯಮ್ಮ ಎಂದು.

"ನಮ್ಮ ಲಿಫ್ಟು ನಾಲ್ಕನೇ ಮಹಡಿ ದಾಟೋವಾಗ ನಡುಗುತ್ತಲ್ಲ?" ಅಂದ.

"ಅದು ಇಡೀ ಬಿಲ್ಡಿಂಗಿಗೇ ಗೊತ್ತು."

"ಯಾಕೆ ಅಲ್ಲೇ ನಡುಗುತ್ತೆ? ಎರಡರಲ್ಲಿ ಯಾಕಿಲ್ಲ? ಆರರಲ್ಲಿ ಯಾಕಿಲ್ಲ?"

"ನನ್ನ ಕೇಳಿದ್ರೆ? ಯಾಕೆ ಅಂತ ಕೇಳೋ ಕೆಲಸ ನಂದು. ಹೇಳೋ ಕೆಲಸ ನಿಮ್ದು."

ಅವನು ಬೀಗವನ್ನು ಕೆಳಕ್ಕೆ ಬಿಟ್ಟ. "ಹಗ್ಗ ಉದ್ದ ಇದ್ದಾಗ ನಿಧಾನಕ್ಕೆ ಕುಣಿಯುತ್ತೆ, ನೋಡು." ಎಲಾಸ್ಟಿಕ್ಕನ್ನು ಬೆರಳಿಗೆ ಸುತ್ತಿ ಗಿಡ್ಡ ಮಾಡಿದ. "ಈಗ ಬೇಗ ಬೇಗ. ಲಿಫ್ಟು ಮೇಲೆ ಹೋದ ಹಾಗೆ ಹಗ್ಗ ಗಿಡ್ಡ ಆಗ್ತಾ ಹೋಗುತ್ತೆ. ಕುಣಿತದ ವೇಗ ಏರ್ತಾ ಹೋಗುತ್ತೆ. ಆದ್ರೆ ಮೇಲೆ ಕೂತಿರೋ ಮೋಟರು ಅದುರೋದು ಒಂದೇ ವೇಗದಲ್ಲಿ. ಅದು ಬದಲಾಗಲ್ಲ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಹಾಗಾದ್ರೆ ನಾಲ್ಕರ ಹತ್ರ ಎರಡೂ ಒಂದೇ ಆಗ್ತವಾ?"

ಅವನು ಎಲಾಸ್ಟಿಕ್ಕಿನಿಂದ ಕಣ್ಣು ಕಿತ್ತು ಅವಳತ್ತ ತಿರುಗಿದ. ಬೀಗ ತನ್ನ ಪಾಡಿಗೆ ಕುಣಿಯುತ್ತಿತ್ತು.

"ಆಗ್ತವೆ," ಅಂದ. "ಅಷ್ಟೇ ಕಣೇ. ಅಷ್ಟೇ ವಿಷಯ. ಐದಕ್ಕೆ ಹೋಗೋ ಹೊತ್ತಿಗೆ ಹಗ್ಗ ಇನ್ನೂ ಗಿಡ್ಡ ಆಗಿರುತ್ತೆ, ಹೊಂದಾಣಿಕೆ ತಪ್ಪುತ್ತೆ, ನಡುಕ ನಿಲ್ಲುತ್ತೆ."

"ಕಿತ್ತು ಬೀಳಲ್ವಾ?"

"ಬೀಳಲ್ಲ. ಹಗ್ಗಾನೇ ಒಂದಿಷ್ಟು ನುಂಗಿಕೊಳ್ಳುತ್ತೆ."

ಏನನ್ನು ನುಂಗಿಕೊಳ್ಳುತ್ತೆ ಎಂದು ಕೇಳಬೇಕು ಅನ್ನುವಷ್ಟರಲ್ಲಿ ವಕೀಲರ ಹೆಂಡತಿ ಶರಟಿಗೆ ಬಂದರು. ಮಾತು ಅಲ್ಲಿಗೆ ನಿಂತಿತು. ಅವನು ಬೀಗ ಬಿಚ್ಚಿದ, ಚಹಾ ಕುಡಿದ, ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಸಂಜೆ ಬಂದು ಉಂಡ, ಬೆನ್ನು ನೋಯುತ್ತದೆ ಅಂದ, ಮಲಗಿದ. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ.

ಮಾರನೆಯ ದಿನ ಊರಿನ ಇನ್ನೊಂದು ತುದಿಯ ಒಂದು ಕಚೇರಿಯ ಮೇಲ್ಗಡೆ, ಮೋಟರ್ ಕೋಣೆಯಲ್ಲಿ ಎಣ್ಣೆ ಬಿಡುತ್ತಿದ್ದ ಗಂಡ ಗೋಡೆಗೆ ಒರಗಿ ಕೂತ. ದಣಿದಿದ್ದಾನೆ ಎಂದು ಜೊತೆಯ ಕೆಲಸದವನು ಅಂದುಕೊಂಡ. ನೀರು ತಂದು ಕೊಟ್ಟರೆ ಕೈ ಮೇಲೇಳಲಿಲ್ಲ. ಎದೆಬಡಿತ ನಿಂತಿತ್ತು. ಲಿಫ್ಟನ್ನು ಅವನೇ ಬಿಚ್ಚಿಟ್ಟಿದ್ದರಿಂದ ಅವನನ್ನು ಮೆಟ್ಟಿಲ ಮೇಲೆ ಹೊತ್ತು ಇಳಿಸಿದರು.

ಅವನಿಗೆ ಓದಿನ ಹುಚ್ಚು ಹಿಡಿದದ್ದು ದೊಡ್ಡ ಆಸೆಯಿಂದಲ್ಲ. ಕೆಲಸ ಕಲಿಯುವಾಗ ಹಿರಿಯ ಮೆಕ್ಯಾನಿಕ್ಕನ್ನು ಕೇಳಿದ್ದನಂತೆ, ಒಂದೊಂದು ಕಟ್ಟಡದಲ್ಲಿ ಲಿಫ್ಟು ಒಂದೊಂದು ಮಹಡಿಯಲ್ಲೇ ಯಾಕೆ ನಡುಗುತ್ತೆ ಎಂದು. "ಅದು ಹಾಗೇ ಕಣಯ್ಯ" ಅಂದಿದ್ದನಂತೆ ಆತ. ಹಾಗೇ ಅಂದರೆ ಹೇಗೆ ಎಂದು ಮತ್ತೆ ಕೇಳಿದ್ದಕ್ಕೆ ಸ್ಪ್ಯಾನರ್ ಹಿಡಿದ ಕೈಯಿಂದಲೇ ತಲೆಗೆ ಮೊಟಕಿದ್ದನಂತೆ. ಆ ಪ್ರಶ್ನೆ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಅವನಲ್ಲಿ ಉಳಿಯಿತು. ನಲವತ್ತು ತುಂಬುವ ಹೊತ್ತಿಗೆ, ಕೆಲಸದಲ್ಲಿರುವವರಿಗೆಂದು ವಿಶ್ವವಿದ್ಯಾಲಯ ಇಟ್ಟಿದ್ದ ಕೆಲವು ಸೀಟುಗಳಲ್ಲಿ ಒಂದು ಅವನಿಗೆ ಸಿಕ್ಕಿತು. ಹಗಲು ಕ್ಲಾಸು, ರಾತ್ರಿ ಪಾಳಿ. ರಜೆಯಲ್ಲಿ ಹಗಲೂ ಕೆಲಸ.

"ಡಿಗ್ರಿ ತಗೊಂಡು ಎಲ್ಲಿ ನೇತುಹಾಕ್ತೀರಿ? ಈ ಮೆಟ್ಟಿಲಿನ ಅಡಿಯಲ್ಲಾ?" ಎಂದು ಅವಳು ಕೇಳಿದ್ದಳು.

"ನೇತುಹಾಕೋದಕ್ಕಲ್ಲ. ಗೊತ್ತಾಗಬೇಕು."

"ಗೊತ್ತಾದ್ರೆ ಏನಾಗುತ್ತೆ?"

"ಗೊತ್ತಾಗುತ್ತೆ," ಅಂದಿದ್ದ. ಆಮೇಲೆ ಅವಳು ಕೇಳಲಿಲ್ಲ.

ಮೊದಲ ದಿನ ತರಗತಿಗೆ ಹೋದರೆ ಹುಡುಗರೆಲ್ಲ ಎದ್ದು ನಿಂತರಂತೆ, ಮೇಷ್ಟ್ರು ಬಂದರು ಅಂದುಕೊಂಡು. ಅವನು ಹಿಂದಿನ ಬೆಂಚಿನ ಕಡೆ ನಡೆದಾಗ ಇವನು ಆಫೀಸಿನ ಜವಾನ ಅಂದುಕೊಂಡರಂತೆ. ಒಬ್ಬಳು "ಅಂಕಲ್, ಸೀಮೆಸುಣ್ಣ ಇಲ್ಲ" ಅಂದಳಂತೆ. ಅವನು ಹೋಗಿ ತಂದಿಟ್ಟು, ಆಮೇಲೆ ಕೂತನಂತೆ.

"ನಾನೂ ಸ್ಟೂಡೆಂಟು ಅಂತ ಬಾಯಿಬಿಟ್ಟು ಹೇಳಬಾರದಿತ್ತಾ?"

"ಸೀಮೆಸುಣ್ಣ ಇಲ್ಲದೆ ಕ್ಲಾಸು ನಡೆಯಲ್ವಲ್ಲ."

ಅವನ ಪಕ್ಕ ಬಹಳ ದಿನ ಯಾರೂ ಕೂರಲಿಲ್ಲ. ಅದನ್ನು ಅವನು ದೂರಿನ ಹಾಗೆ ಹೇಳಲಿಲ್ಲ. ಬೆಂಚು ವಿಶಾಲವಾಗಿದೆ ಅಂದ.

ಓದಲು ಸೇರುವಾಗ ಅವನ ತಲೆಯಲ್ಲಿದ್ದದ್ದು ಯಂತ್ರಗಳು. ಕಾಲೇಜೆಂದರೆ ದೊಡ್ಡ ದೊಡ್ಡ ಮೋಟರುಗಳನ್ನು ಬಿಚ್ಚಿ ತೋರಿಸುತ್ತಾರೆ, ತನಗೆ ಅರ್ಧ ಬರುವುದರಿಂದ ಉಳಿದರ್ಧ ಕಲಿತರಾಯಿತು ಅಂದುಕೊಂಡಿದ್ದ. ಇಡೀ ವರ್ಷ ಒಂದು ಬೋಲ್ಟನ್ನೂ ಮುಟ್ಟಿಸಲಿಲ್ಲ. ಗಣಿತ, ಗಣಿತ, ಅದು ಮುಗಿದರೆ ಇನ್ನೊಂದು ಗಣಿತ. ಮೇಷ್ಟ್ರು ಒಂದು ಬೋರ್ಡು ತುಂಬಿಸಿ, ಎರಡನೆಯದು ತುಂಬಿಸಿ, ಇವನು ಮೊದಲನೆಯದನ್ನು ಬರೆದುಕೊಳ್ಳುವಷ್ಟರಲ್ಲಿ ಒರೆಸಿಬಿಡುತ್ತಿದ್ದರು. ನಿದ್ದೆಗಣ್ಣಲ್ಲಿ ಕೂತವನಿಗೆ ಎಲ್ಲ ತಲೆಯ ಮೇಲೆ ಹಾದು ಹೋಗುತ್ತಿತ್ತು. ತನಗೊಬ್ಬನಿಗೇ ಹೀಗೆ ಅಂದುಕೊಂಡಿದ್ದ. ವರ್ಷ ಮುಗಿಯುವಾಗ ಬೆಂಚುಗಳು ಅರ್ಧ ಖಾಲಿಯಾದವು. ಎಲ್ಲರಿಗೂ ಹಾಗೇ ಆಗುತ್ತಿತ್ತಂತೆ. ಒಬ್ಬರೂ ಪಕ್ಕದವರಿಗೆ ಹೇಳಿರಲಿಲ್ಲ ಅಷ್ಟೆ.

ಪುಸ್ತಕದ ಲೆಕ್ಕಗಳು ಅವಳಿಗೂ ವಿಚಿತ್ರವಾಗಿ ಕಂಡವು. ಹಗ್ಗಕ್ಕೆ ತೂಕವಿಲ್ಲ ಎಂದುಕೊಳ್ಳಿ. ಚಕ್ರಕ್ಕೆ ಸವೆತವಿಲ್ಲ ಎಂದುಕೊಳ್ಳಿ. ಗಾಳಿ ಇಲ್ಲ ಎಂದುಕೊಳ್ಳಿ. ಅವನು ಓದುವುದನ್ನು ಕೇಳಿ ಕೇಳಿ, ಒಂದು ದಿನ ಬರಿಯ ಬಿಸಿನೀರಿಗೆ ಚಹಾಪುಡಿ ಹಾಕಿ ಮುಂದಿಟ್ಟಳು.

"ಹಾಲೆಲ್ಲಿ?"

"ಇದೆ ಎಂದುಕೊಳ್ಳಿ."

"ಸಕ್ಕರೆ?"

"ಅದೂ."

ಅವನಿಗೆ ನಕ್ಕು ನಕ್ಕು ಕೆಮ್ಮು ಬಂತು. ಪೂರ್ತಿ ಕುಡಿದ.

ಕಂಪನದ ಪೇಪರಿನಲ್ಲಿ ಮೊದಲ ಸಲ ಬಿದ್ದದ್ದು ಅವನ ಕಸುಬಿನಿಂದಲೇ. ಹಗ್ಗದಲ್ಲಿ ತೂಗಿದ ಪೆಟ್ಟಿಗೆ ಎಷ್ಟು ಅದುರಿದರೆ ಹಗ್ಗ ತುಂಡಾಗುತ್ತದೆ, ಕಂಡುಹಿಡಿಯಿರಿ ಎಂದು ಪ್ರಶ್ನೆ. ಇವನು ಬರೆದ ಉತ್ತರ: ಅಷ್ಟು ಅದುರುವವರೆಗೆ ಆ ಹಗ್ಗವನ್ನು ಬಿಡಬಾರದು, ಎಳೆಗಳು ಸಿಡಿದದ್ದು ಕಂಡ ದಿನವೇ ಬದಲಿಸಬೇಕು, ಪೆಟ್ಟಿಗೆಯಲ್ಲಿ ಜನ ಇರುತ್ತಾರೆ. ಸೊನ್ನೆ ಬಂತು. ಆ ಪಾಠ ಮಾಡುತ್ತಿದ್ದ ಮೇಡಂ ಹತ್ತಿರ ಹೋಗಿ, ನಾನು ಬರೆದದ್ದರಲ್ಲಿ ಸುಳ್ಳೇನಿದೆ ಎಂದು ಕೇಳಿದ.

"ಸುಳ್ಳಿಲ್ಲ," ಅಂದರಂತೆ ಮೇಡಂ. "ಆದ್ರೆ ನೀವು ನೋಡಿರೋ ಹಗ್ಗ ನಿಮಗೆ ಗೊತ್ತು. ಯಾರೂ ಇನ್ನೂ ಕಟ್ಟದೇ ಇರೋ ಬಿಲ್ಡಿಂಗಿನ ಹಗ್ಗ? ಅದನ್ನ ನೋಡೋಕೆ ಹೋಗೋದು ಹೇಗೆ? ಅದಕ್ಕೇ ಲೆಕ್ಕ."

ಅವತ್ತು ಬಂದವನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ಬೇಜಾರಾಗಿದೆ ಅಂದುಕೊಂಡಳು. ಬೇಜಾರಲ್ಲ. ಅಲ್ಲಿಯವರೆಗೆ ಅವನು ಪುಸ್ತಕದಲ್ಲಿ ತನ್ನ ಲಿಫ್ಟನ್ನು ಹುಡುಕುತ್ತಿದ್ದ. ಇನ್ನು ಹಾಗೆ ಹುಡುಕುವುದಿಲ್ಲ ಅಂದ.

ಗೊತ್ತಿಲ್ಲದವರಿಗೆ ಹೇಳಿ ನೋಡಿ, ಆಗ ನಿಮಗೆ ಎಷ್ಟು ಗೊತ್ತು ಅನ್ನೋದು ತಿಳಿಯುತ್ತೆ ಎಂದೂ ಮೇಡಂ ಹೇಳಿದ್ದರು.

"ಗೊತ್ತಿಲ್ಲದವರು ನಮ್ಮ ಮನೇಲೇ ಇದ್ದಾರೆ ಅಂದೆ," ಅಂದ.

"ಯಾರ್ರೀ ಅದು?"

"ಇಸ್ತ್ರಿ ಹಾಕ್ತಾ ಇದ್ದಾರೆ."

ಒದ್ದೆ ಬಟ್ಟೆ ಎಸೆದಳು. ಆದರೆ ಅಂದಿನಿಂದ ಅದೇ ಕ್ರಮವಾಯಿತು. ಬೆಳಿಗ್ಗೆ ಅವಳು ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುವುದು, ಅವನು ಪಾಠ ಹೇಳುವುದು. ಅವಳು ಯಾಕೆ ಅಂದರೆ, ಪುಸ್ತಕದಲ್ಲಿ ಹಾಗಿದೆ ಎಂದು ಹೇಳುವಂತಿಲ್ಲ. ಅವಳು ಶಾಲೆಗೆ ಹೋದದ್ದು ಕೂಡಿಸುವುದು ಕಳೆಯುವುದು ಬರುವವರೆಗೆ. ಚಿಹ್ನೆಗಳ ಗೋಜು ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ಒಂದೇ. ತನಗೆ ಗೊತ್ತಿಲ್ಲದ ಜಾಗ ಬಂದಾಗ ಅವನ ದನಿ ತಗ್ಗುತ್ತಿತ್ತು. ಬೇರೆಯವರಿಗೆ ಗೊತ್ತೇ ಆಗದಷ್ಟು ಸ್ವಲ್ಪ. ತಡವಾಗಿ ಬಂದು ಸುಳ್ಳು ಹೇಳುವಾಗ ತಗ್ಗುತ್ತಿತ್ತಲ್ಲ, ಹಾಗೆ.

"ಅಲ್ಲಿ ನುಂಗಿದ್ರಿ," ಅನ್ನುತ್ತಿದ್ದಳು.

"ಎಲ್ಲಿ?"

"ಆದ್ದರಿಂದ ಅಂದ್ರಲ್ಲ, ಅದರ ಹಿಂದೆ."

ಅವನು ಪುಸ್ತಕ ತೆಗೆದು ನೋಡಿದರೆ, ತಪ್ಪು ಅಲ್ಲೇ ಇರುತ್ತಿತ್ತು. "ನಿನ್ನ ಕಿವಿಗೆ ಡಿಗ್ರಿ ಕೊಡಬೇಕು" ಎಂದು ಬೈಯುತ್ತಿದ್ದ. ಒಂದೊಂದೇ ಪೇಪರು ಹಾಗೆ ದಾಟಿತು. ಕಂಪನದ ಪೇಪರು ಮಾತ್ರ ಎರಡನೆಯ ಸಲವೂ ಕೈಕೊಟ್ಟಿತು. ಪ್ರತಿ ಸಲ ಲಿಫ್ಟಿನ ಹಗ್ಗದ ವಿಷಯಕ್ಕೆ ಬಂದಾಗ ದನಿ ತಗ್ಗುತ್ತಿತ್ತು. ಆ ಕೊನೆಯ ಬೆಳಿಗ್ಗೆ, ಬೀಗ ಎಲಾಸ್ಟಿಕ್ ಹಿಡಿದು ಕೂತ ದಿನ, ಮೊದಲಿಂದ ಕೊನೆಯವರೆಗೆ ಎಲ್ಲೂ ತಗ್ಗಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತು.

ಅವನು ಹೋದ ಮೇಲೆ ಜನ ಬಂದರು, ಹೋದರು. ಕಟ್ಟಡದವರು ಕೋಣೆ ಬಿಡಬೇಡಿ, ಮೆಟ್ಟಿಲು, ಲಿಫ್ಟು ಗುಡಿಸಿಕೊಂಡು ಇರಿ ಅಂದರು. ಆಯಿತು ಅಂದಳು. ಬಟ್ಟೆಗಳು ಬರುತ್ತಲೇ ಇದ್ದವು. ಅವಳು ಇಸ್ತ್ರಿ ಹಾಕುತ್ತಲೇ ಇದ್ದಳು. ಬೆಳಗಿನ ಹೊತ್ತು ಕೋಣೆ ಎಷ್ಟು ಸುಮ್ಮನಿರುತ್ತಿತ್ತೆಂದರೆ, ಬಟ್ಟೆಯ ಮೇಲೆ ನೀರು ಚುಂಯ್ ಅನ್ನುವುದು ಜೋರಾಗಿ ಕೇಳುತ್ತಿತ್ತು. ರೇಡಿಯೋ ಹಾಕಿ ನೋಡಿದಳು. ಅದು ಯಾವುದಕ್ಕೂ ನಿಲ್ಲದೆ ಮಾತಾಡುತ್ತಿತ್ತು. ಆರಿಸಿದಳು.

ಅವನ ಜೊತೆ ಪರೀಕ್ಷೆಗೆ ಕೂರಬೇಕಿದ್ದ ಒಬ್ಬ ಬಂದ. ಅವನೂ ಅದೇ ಪೇಪರಿನಲ್ಲಿ ಎರಡು ಸಲ ಬಿದ್ದವನು. ಗಂಡ ಅವನನ್ನು ಕೊನೇ ಬೆಂಚು ಎಂದೇ ಕರೆಯುತ್ತಿದ್ದ. ಅವಳು ಸ್ಟೂಲು ಕೊಟ್ಟರೂ ಕೂರದೆ ಬಾಗಿಲಲ್ಲೇ ನಿಂತ.

"ಪರೀಕ್ಷೆ ಹೇಗಾಯ್ತಪ್ಪಾ?"

"ದೇವರು ನಡೆಸಿದ ಹಾಗೆ ಅಕ್ಕ."

"ಲಿಫ್ಟಿನದ್ದು ಕೇಳಿದ್ರಾ?"

"ಲಿಫ್ಟಿನದ್ದು ಯಾವತ್ತೂ ಕೇಳಲ್ಲಕ್ಕ. ಸೇತುವೆ ಕೇಳಿದ್ರು. ಎರಡಕ್ಕೂ ಒಂದೇ ಲೆಕ್ಕ." ಆಮೇಲೆ ಅಂದ, "ಅಂಕಲ್ ಡೆಸ್ಕು ನನ್ನ ಮುಂದೇನೇ ಇತ್ತು. ನಂಬರು ಅಂಟಿಸಿದ್ರು. ಉತ್ತರಪತ್ರಿಕೇನೂ ಇಟ್ಟಿದ್ರು. ಅರ್ಧ ಗಂಟೆ ಆದ್ಮೇಲೆ ಗೈರುಹಾಜರಿ ಅಂತ ಬರೆದು ತಗೊಂಡು ಹೋದ್ರು. ರೂಲು ಅಂತೆ."

ಸತ್ತವನು ಪರೀಕ್ಷೆಗೆ ಬರಲಿಲ್ಲ ಅನ್ನುವುದು ನಿಜವೇ. ಆದರೆ ಮುಂದೆ ಯಾರಾದರೂ ಅವನ ಹೆಸರಿನ ಮುಂದೆ ಆ ಗೈರುಹಾಜರಿ ನೋಡಿದರೆ ಏನಂದುಕೊಳ್ಳುತ್ತಾರೆ? ಎರಡು ಸಲ ಬಿದ್ದ, ಮೂರನೆಯ ಸಲ ಬರಲೇ ಇಲ್ಲ, ಹೆದರಿಕೊಂಡ ಅಂದುಕೊಳ್ಳುತ್ತಾರೆ. ಗೊತ್ತಿಲ್ಲದೆ ಹೋದ ಅಂದುಕೊಳ್ಳುತ್ತಾರೆ.

ಕೆಲವು ದಿನ ಅದನ್ನೇ ಮೆಲುಕು ಹಾಕಿ, ಒಂದು ದಿನ ಬಟ್ಟೆಗಂಟು ಪಕ್ಕಕ್ಕಿಟ್ಟು ಬಸ್ಸು ಹತ್ತಿದಳು. ಕಾಲೇಜಿನ ಮೆಟ್ಟಿಲು ಅವಳು ಹತ್ತಿದ್ದು ಅದೇ ಮೊದಲು. ಉದ್ದನೆಯ ನಡುದಾರಿ, ಎರಡೂ ಬದಿ ಬಾಗಿಲು. ಯಾವ ಬಾಗಿಲಿನಿಂದಲೂ ಯಂತ್ರದ ಸದ್ದು ಬರುತ್ತಿರಲಿಲ್ಲ. ಸೀಮೆಸುಣ್ಣ ಬೋರ್ಡಿಗೆ ಕುಟ್ಟುವ ಸದ್ದು ಮಾತ್ರ. ಅವನು ಹೇಳುತ್ತಿದ್ದದ್ದು ಸರಿ.

ಮೇಡಂ ಕೂದಲು ಬೆಳ್ಳಗಾದ ಗಟ್ಟಿ ಹೆಂಗಸು. ಯಾರು ಎಂದು ಹೇಳಿದ ಕೂಡಲೇ ಎದ್ದು ಕುರ್ಚಿ ಎಳೆದು ಕೊಟ್ಟರು.

"ಸುದ್ದಿ ಕೇಳಿ ತುಂಬಾ ಸಂಕಟ ಆಯ್ತಮ್ಮ. ಆದ್ರೆ ನಾನು ಏನೂ ಮಾಡೋ ಹಾಗಿಲ್ಲ. ಬರೆಯದೇ ಇರೋ ಪೇಪರಿಗೆ ಅಂಕ ಕೊಡೋಕಾಗಲ್ಲ."

"ಅಂಕ ಕೇಳೋಕೆ ಬಂದಿಲ್ಲ ಮೇಡಂ."

"ಮತ್ತೆ?"

"ಅವರಿಗೆ ಗೊತ್ತಿತ್ತು. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಮೇಡಂ ಮುಂದಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಏನು ಹೇಳಿದ್ರು ನಿಮಗೆ?" ಎಂದು ಕೇಳಿದರು. ಸಮಾಧಾನಕ್ಕೆ ಕೇಳುವ ಹಾಗಲ್ಲ, ಬಾಯಿಪರೀಕ್ಷೆಯಲ್ಲಿ ಕೇಳುವ ಹಾಗೆ ಕೇಳಿದರು. ಅವಳಿಗೆ ಅದು ಹಿತವಾಯಿತು.

ಅವಳು ಕೈಯಲ್ಲೇ ಹಗ್ಗ ಹಿಡಿದ ಹಾಗೆ ಮಾಡಿ ಹೇಳಿದಳು. ಉದ್ದ ಇದ್ದಾಗ ನಿಧಾನ. ಗಿಡ್ಡ ಆದಾಗ ಬೇಗ. ಮೋಟರಿಗೆ ಒಂದೇ ವೇಗ. ನಾಲ್ಕರ ಹತ್ತಿರ ಎರಡೂ ಒಂದಾಗುತ್ತವೆ. ಐದರಲ್ಲಿ ತಪ್ಪುತ್ತವೆ.

"ಹಗ್ಗ ಯಾಕೆ ಕಿತ್ತು ಬೀಳಲ್ಲ?"

"ಒಂದಿಷ್ಟು ನುಂಗಿಕೊಳ್ಳುತ್ತೆ ಅಂದ್ರು. ಏನನ್ನ ಅಂತ ನಾನು ಕೇಳೋ ಅಷ್ಟರಲ್ಲಿ ಶರಟಿಗೆ ಬಂದ್ರು."

ಮೇಡಂ ಹಾಳೆ ಎಳೆದುಕೊಂಡು ಬರೆಯುತ್ತ ಹೇಳತೊಡಗಿದರು. ಚೆನ್ನಾಗಿ ಹೇಳಿದರು. ದನಿ ಎಲ್ಲೂ ತಗ್ಗಲಿಲ್ಲ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಇವರನ್ನು ಯಾಕೆ ಎಂದು ಕೇಳಲು ಬಾಯಿ ಬರಲಿಲ್ಲ. ಹೂಂ ಹೂಂ ಅಂದಳು. ಮೇಡಂಗೂ ಗೊತ್ತಾಗಿರಬೇಕು, ಪೆನ್ನು ಕೆಳಗಿಟ್ಟರು.

"ಅವರಿಗೆ ಗೊತ್ತಿತ್ತಮ್ಮ," ಅಂದರು. "ಪಾಸಾಗ್ತಿದ್ರೋ ಇಲ್ವೋ, ಅದು ನಾನು ಹೇಳಲಾರೆ. ಲೆಕ್ಕದಲ್ಲಿ ಕೈತಪ್ಪು ಜಾಸ್ತಿ ಅವರದ್ದು. ಆದ್ರೆ ಗೊತ್ತಿತ್ತು."

"ಅಷ್ಟು ಸಾಕು ಮೇಡಂ. ನಾನೊಬ್ಬಳೇ ಇಟ್ಟುಕೊಂಡಿದ್ದೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹಗುರಾಗುತ್ತದೆ ಅಂದುಕೊಂಡಿದ್ದಳು. ಹಗುರಾಗಲಿಲ್ಲ. ಕೆಲಸ ಮುಗಿದ ಹಾಗಾಯಿತು, ಅಷ್ಟೆ. ಮನೆಗೆ ಹೋಗಿ ಯಾರಿಗೆ ಹೇಳುವುದು ಎಂದು ಯೋಚಿಸಿದಳು. ಹೇಳಬೇಕಾದವನು ಒಬ್ಬನೇ ಇದ್ದ.

ಈಗ ಲಿಫ್ಟ್ ನೋಡಲು ಬೇರೆ ಮೆಕ್ಯಾನಿಕ್ ಬರುತ್ತಾನೆ. ಚುರುಕು ಮನುಷ್ಯ, ಕೆಲಸ ಚೆನ್ನಾಗಿ ಮಾಡುತ್ತಾನೆ. ಮೊದಲ ಸಲ ಬಂದಾಗ ಅವಳೇ ಜೊತೆಗೆ ಮೇಲೆ ಹೋದಳು. ನಾಲ್ಕು ದಾಟುವಾಗ ನಡುಗಿತು.

"ಇದು ಇಲ್ಲಿ ಯಾವಾಗಲೂ ಹೀಗೇನಾ?" ಎಂದು ಕೇಳಿದ.

"ಯಾವಾಗಲೂ. ಯಾಕೆ ಅಂತ ಹೇಳಲಾ?"

"ಹೇಳಿ ಆಂಟಿ," ಎಂದ. ಹೇಳಿದಳು. ಅವನು ಕೇಳುತ್ತಿದ್ದ ಹಾಗೇ ಫೋನು ತೆಗೆದು ಮುಂದಿನ ಕಟ್ಟಡದವರಿಗೆ, ಬರ್ತಾ ಇದ್ದೀನಿ, ದಾರೀಲಿದ್ದೀನಿ ಅಂದ. ಇಳಿಯುವಾಗ ಮಾತ್ರ ಒಂದು ಮಾತು ಹೇಳಿದ. "ನಡುಕ ಬಿಡಿ ಆಂಟಿ, ಅದರಿಂದ ಲಿಫ್ಟು ಕೆಡಲ್ಲ. ಕೆಡೋದು ಬಾಗಿಲು. ಅದು ಜಾರೋ ಕೆಳಗಿನ ಜಾಡಿನಲ್ಲಿ ಕಸ ಸೇರುತ್ತೆ, ಬಾಗಿಲು ಅರ್ಧಕ್ಕೇ ನಿಲ್ಲುತ್ತೆ. ಅದೊಂದು ಚೊಕ್ಕ ಇಟ್ಟರೆ ನನ್ನ ಕರೆಯೋ ಕೆಲಸವೇ ಬರಲ್ಲ."

ಹಾಗಾಗಿ ದಿನಾ ಬೆಳಿಗ್ಗೆ, ಮಹಡಿಗಳವರು ಏಳುವ ಮೊದಲು, ಅವಳು ಲಿಫ್ಟಿನಲ್ಲಿ ಆರಕ್ಕೆ ಹೋಗುತ್ತಾಳೆ. ಬಾಗಿಲು ಮುಚ್ಚದ ಹಾಗೆ ಬಕೆಟ್ಟನ್ನು ಅಡ್ಡ ಇಟ್ಟು, ಮಂಡಿಯೂರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಗಿಲಿನ ಜಾಡು ಕೆರೆಯುತ್ತಾಳೆ. ಕೂದಲು, ಮರಳು, ಬಿಸ್ಕತ್ತಿನ ಚೂರು, ಕೆಲವೊಮ್ಮೆ ಶರಟಿನ ಗುಂಡಿ. ಗುಂಡಿಯಾದರೆ ಯಾರದ್ದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ, ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ. ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲನ್ನು ಒಂದು ಸಲ ಹಾಕಿ ತೆಗೆದು ನೋಡಿ, ಒಂದು ಮಹಡಿ ಕೆಳಗಿಳಿದು ಅಲ್ಲಿ ಮತ್ತೆ ಮಂಡಿಯೂರುತ್ತಾಳೆ.